ನಂಜಮ್ಮನನ್ನು ಶಾನುಭೋಗರು ಅಂದವರಿಲ್ಲ

ಬ್ಯಾಂಕಿನ ಕೌಂಟರಿನ ಹಿಂದೆ ಕೂತವರಿಗೆ ಊರಿನ ಸಂಸಾರಗಳೆಲ್ಲ ಒಂದು ಕಿಂಡಿಯಗಲದಲ್ಲಿ ಕಾಣಿಸುತ್ತವೆ. 1984ರಲ್ಲಿ ಕ್ಲರ್ಕ್ ಆಗಿ ಸೇರಿದವಳು 2022ರಲ್ಲಿ ನಿವೃತ್ತಳಾಗುವವರೆಗೆ ತಿಪಟೂರು ಸುತ್ತಿನ ಶಾಖೆಗಳಲ್ಲಿ ಅಂಥ ಕಿಂಡಿಯ ಹಿಂದೆಯೇ ಇದ್ದೆ. ಮುಖಗಳು ಮರೆತಿವೆ, ಕೈಗಳು ಮರೆತಿಲ್ಲ. ಅದರಲ್ಲೂ ಒಂದು ಬೆರಳು. ಹೆಂಡತಿ ಚೀಟಿಯ ಮೇಲೆ ಪೆನ್ನು ಹಿಡಿದು ನಿಂತಿರುತ್ತಾಳೆ. ಹೆಗಲ ಮೇಲಿಂದ ಗಂಡನ ತೋರುಬೆರಳು ಇಳಿದು ಬಂದು ಕಾಗದವನ್ನು ಕುಟ್ಟುತ್ತದೆ: “ಇಲ್ ಹಾಕು.” ಆಕೆ ಹಾಕುತ್ತಾಳೆ. ದುಡ್ಡು ನಾನು ಕೊಡುವುದು ಆಕೆಯ ಕೈಗೆ, ಎಣಿಸುವುದು ಆತ.

ಒಡವೆ ಸಾಲದ ದಿನ ಇನ್ನೂ ಸ್ಪಷ್ಟ. ಕೊರಳಿನಿಂದ ಬಿಚ್ಚಿದ ಸರ ಆಕೆಯದು, ಅದನ್ನು ಕೊಟ್ಟಿದ್ದು ಆಕೆಯ ತವರಿನವರು. ಸಾಲದ ಖಾತೆ ಮಾತ್ರ ಆತನದು. ಅಕ್ಕಸಾಲಿ ತೂಕ ಹಾಕುವಾಗ ಆಕೆ ಗೋಡೆಯ ಬೆಂಚಿನ ಮೇಲೆ ಸೆರಗು ಹೊದ್ದು ಕೂತಿರುತ್ತಿದ್ದಳು. ಕೊಬ್ಬರಿ ಮಾರಿ, ಬಡ್ಡಿ ಕಟ್ಟಿ, ಬಿಡಿಸಿಕೊಳ್ಳುವ ದಿನವೂ ಅಷ್ಟೆ. ಆದರೆ ಸರ ಕೈಗೆ ಬಂದ ಕೂಡಲೇ ಎಲ್ಲ ಹೆಂಗಸರೂ ಮಾಡುತ್ತಿದ್ದ ಕೆಲಸ ಒಂದೇ: ತಿರುಪು ಸರಿಯಾಗಿದೆಯಾ ಎಂದು ತಿರುಗಿಸಿ ನೋಡುವುದು. ತನ್ನ ವಸ್ತುವಿನ ಲೆಕ್ಕ ಆಕೆಗೆ ಅಂಗೈ ರೇಖೆಯಷ್ಟು ಗೊತ್ತು. ಆ ಲೆಕ್ಕವನ್ನು ಬರೆದುಕೊಳ್ಳುವ ಪುಸ್ತಕದಲ್ಲಿ ಮಾತ್ರ ಆಕೆಯ ಹೆಸರಿಲ್ಲ.

ಇದನ್ನು ನನಗಿಂತ ಬಹಳ ಮೊದಲೇ ಕಂಡು ಬರೆದವರು ಎಸ್.ಎಲ್. ಭೈರಪ್ಪ. ‘ಗೃಹಭಂಗ’ 1970ರ ಕಾದಂಬರಿ, ನಮ್ಮ ತಿಪಟೂರು ಸೀಮೆಯದೇ ಕಥೆ. ಕಾಲೇಜಿನಲ್ಲಿ ಮೊದಲು ಓದಿದಾಗ ನಾನೂ ಎಲ್ಲರಂತೆ ಅತ್ತೆ. ಗಂಗಮ್ಮನಂಥ ಅತ್ತೆ, ಚೆನ್ನಿಗರಾಯನಂಥ ಹೊಟ್ಟೆಬಾಕ ಗಂಡ, ಪ್ಲೇಗಿಗೆ ಮಕ್ಕಳನ್ನು ಕಳೆದುಕೊಂಡು ಕೊನೆಗೆ ಅದೇ ಪ್ಲೇಗಿಗೆ ತಾನೂ ಹೋಗುವ ನಂಜಮ್ಮ. ಅಳದೆ ಏನು ಮಾಡುವುದು? ಬ್ಯಾಂಕು ಸೇರಿ ಹತ್ತು ವರ್ಷವಾದ ಮೇಲೆ ಮತ್ತೊಮ್ಮೆ ಓದಿದೆ. ಆಗ ಅಳು ಬರಲಿಲ್ಲ, ಬೇರೊಂದು ಕಣ್ಣಿಗೆ ಬಿತ್ತು. ನಂಜಮ್ಮ ಶಾನುಭೋಗಿಕೆಯ ಲೆಕ್ಕ ಬರೆಯುತ್ತಾಳೆ. ಗಂಡನಿಗೆ ಬಾರದ ಲೆಕ್ಕವನ್ನು ತಾನು ಕಲಿತು, ವರ್ಷ ವರ್ಷವೂ ಹಳ್ಳಿಯ ಕಂದಾಯದ ಪುಸ್ತಕಗಳನ್ನು ತಯಾರು ಮಾಡುತ್ತಾಳೆ. ಅದು ಮುಗಿದರೆ ಮುತ್ತುಗದ ಎಲೆ ಹಚ್ಚುತ್ತಾಳೆ. ಊರಿನ ಲೆಕ್ಕವೂ ಮನೆಯ ಲೆಕ್ಕವೂ ಅವಳ ಬೆರಳಿನ ತುದಿಯಲ್ಲಿವೆ. ಆದರೆ ಶಾನುಭೋಗ ಚೆನ್ನಿಗರಾಯ.

ನಿವೃತ್ತಿಯಾದ ಮೇಲೆ ನಾನು ಹೋಗುವ ಓದುಗರ ಕೂಟದಲ್ಲಿ ಒಂದು ದಿನ ಈ ಕಾದಂಬರಿಯ ಚರ್ಚೆ ಇತ್ತು. ಮಾತಾಡಿದ ಏಳು ಜನರಲ್ಲಿ ಆರು ಜನ ನಂಜಮ್ಮನನ್ನು ‘ತ್ಯಾಗಮಯಿ’ ಅಂದರು, ಒಬ್ಬರು ‘ಭೂಮಿತೂಕದ ಹೆಣ್ಣು’ ಅಂದರು. ನಾನು ಕೇಳಿದೆ: “ಅವಳು ಊರಿನ ಶಾನುಭೋಗರು ಅಂತ ಯಾಕೆ ಯಾರೂ ಅನ್ನಲಿಲ್ಲ?” ಸಭೆ ಒಂದು ಗಳಿಗೆ ಸುಮ್ಮನಾಯಿತು. ಹಿರಿಯರೊಬ್ಬರು ನಕ್ಕು, “ಬ್ಯಾಂಕಿನೋರು, ಎಲ್ಲದಕ್ಕೂ ಲೆಕ್ಕ ಕೇಳ್ತಾರೆ” ಅಂದರು. ಎಲ್ಲರೂ ನಕ್ಕರು, ಕಾಫಿ ಬಂತು.

ನನ್ನ ಮಾತು ಆ ನಗುವಿನ ಮೇಲೇ ಇದೆ. ನಮ್ಮ ಮನೆಗಳಲ್ಲಿ ಹೆಣ್ಣಿಗೆ ಹೊಗಳಿಕೆ ಕಡಿಮೆಯಾಗಿದೆ ಎಂದು ನನಗೆ ಯಾವತ್ತೂ ಅನ್ನಿಸಿಲ್ಲ. ಹೊಗಳಿಕೆ ಮಡಿಲು ತುಂಬ ಇದೆ. ಕೊಡಬೇಕಾದ್ದನ್ನು ಕೊಡದೆ ಉಳಿಸಿಕೊಳ್ಳುವುದಕ್ಕೆ ಹೊಗಳಿಕೆಯೇ ಎಲ್ಲಕ್ಕಿಂತ ಅಗ್ಗದ ದಾರಿ. ತಾಯಿ ದೇವರು, ಗೃಹಿಣಿ ಗೃಹಮುಚ್ಯತೇ, ಮನೆಯ ಕಣ್ಣು, ಎಲ್ಲವೂ ಸರಿ. ಪಹಣಿಯಲ್ಲಿ ಯಾರ ಹೆಸರಿದೆ?

ಹೆಣ್ಣು ಲೆಕ್ಕ ಹಿಡಿದದ್ದು ಹೊಸದಲ್ಲ. ವಚನಕಾರರ ಕಾಲದಲ್ಲಿ ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಇದು ನಮಗೆ ಬೇಕಾದ್ದಕ್ಕಿಂತ ಜಾಸ್ತಿ, ತೆಗೆದುಕೊಂಡ ಕಡೆಯೇ ಸುರಿದು ಬಾ ಎಂದವಳು ಅವನ ಹೆಂಡತಿ ಲಕ್ಕಮ್ಮ. ನಾವು ಅದನ್ನು ಆಸೆ ಬಿಡುವ ಪಾಠವೆಂದು ಹೇಳಿಕೊಡುತ್ತೇವೆ. ನನಗೆ ಕಾಣುವುದು ಅಳತೆ ಗೊತ್ತಿದ್ದ ಒಬ್ಬ ಹೆಂಗಸು: ಇಬ್ಬರ ಮನೆಗೆ ಎಷ್ಟು ಅಕ್ಕಿ ಬೇಕು ಎನ್ನುವುದು ಅವಳಿಗೆ ಗೊತ್ತಿತ್ತು, ಅದನ್ನು ಗಂಡನ ಮುಖಕ್ಕೆ ಹೇಳುವ ಅಧಿಕಾರವೂ ಇತ್ತು. ಐದು ಶತಮಾನ ಕಳೆದ ಮೇಲೆ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದಳು. ಹೆಸರೇ ಹೇಳುವಂತೆ ಅದು ಹೆಂಡತಿ ಹೇಗಿರಬೇಕು ಎನ್ನುವ ಉಪದೇಶ. ಆ ಉಪದೇಶದ ನಡುವೆಯೇ ಅವಳು, ಹೆತ್ತವಳೂ ಹೆಣ್ಣಾಗಿರುವಾಗ ಹೆಣ್ಣೆಂದರೆ ಜರಿಯುವುದೇಕೆ ಎಂದು ಕೇಳಿಬಿಟ್ಟಳು. ಮುನ್ನೂರು ವರ್ಷಗಳಿಂದ ನಾವು ಆ ಪ್ರಶ್ನೆಯನ್ನು ಹಾಡಾಗಿ ಹಾಡುತ್ತಿದ್ದೇವೆ, ಉತ್ತರ ಕೊಡುವ ಗೋಜಿಗೆ ಹೋಗಿಲ್ಲ.

ಇದು ಒಂದು ಜಾತಿಯ ಮನೆಯ ಮಾತೂ ಅಲ್ಲ, ಒಂದು ಧರ್ಮದ್ದೂ ಅಲ್ಲ. ಪಕ್ಕದ ಹಾಸನದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅವರ ‘ಕರಿ ನಾಗರಗಳು’ ಕತೆಯನ್ನು ಗಿರೀಶ್ ಕಾಸರವಳ್ಳಿ ‘ಹಸೀನಾ’ ಎಂದು ಸಿನಿಮಾ ಮಾಡಿದ್ದರು. ಗಂಡ ಬಿಟ್ಟುಹೋದ ಹೆಂಗಸು ತನಗೂ ಮಕ್ಕಳಿಗೂ ಸಲ್ಲಬೇಕಾದ್ದನ್ನು ಕೇಳಿಕೊಂಡು ಮಸೀದಿಯ ಮುಂದೆ ಕೂರುತ್ತಾಳೆ. ಅವಳು ಭಿಕ್ಷೆ ಕೇಳುತ್ತಿಲ್ಲ, ಬಾಕಿ ಕೇಳುತ್ತಿದ್ದಾಳೆ. ದೊಡ್ಡವರಿಗೆ ಮಾತ್ರ ಅದು ಭಿಕ್ಷೆಯಂತೆಯೇ ಕೇಳಿಸುತ್ತದೆ. ನನ್ನ ಕಿಂಡಿಯ ಎದುರಿಗೆ ಬುರ್ಖಾದವರೂ ಬಂದಿದ್ದರು, ಕುಂಕುಮದವರೂ ಬಂದಿದ್ದರು. ಹಿಂದಿನ ಬೆರಳು ಒಂದೇ ಥರ ಇರುತ್ತಿತ್ತು.

ಇಷ್ಟೆಲ್ಲ ಹೇಳುವ ನಾನೇನು ಮಾಡಿದೆ? ಅದನ್ನೂ ಹೇಳಬೇಕು.

ಕಾನೂನು ನನ್ನಂಥವರ ಕಡೆಗೆ ನಿಧಾನವಾಗಿ ಬಂತು, ಆದರೂ ಬಂತು. ಹಳೇ ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಹಕ್ಕಿಗೆಂದು ಕಾಯ್ದೆ ಮಾಡಿತ್ತು. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಎನ್ನುವ ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಯಾಯಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಅದು ಇಲ್ಲ. ನನ್ನ ಮದುವೆ 1986ರಲ್ಲಿ, ಹಾಗಾಗಿ ನಾನು ಹೊರಗೆ. 2005ರ ಕೇಂದ್ರದ ತಿದ್ದುಪಡಿ ಮದುವೆಯ ಗೋಡೆಯನ್ನು ಕೆಡವಿತು. 2005ರಲ್ಲಿ ತಂದೆ ಬದುಕಿರಬೇಕಾಗಿತ್ತೇ ಎಂಬ ಗೊಂದಲವನ್ನೂ ಸುಪ್ರೀಂ ಕೋರ್ಟು 2020ರಲ್ಲಿ ಬಗೆಹರಿಸಿ, ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು ಅಂದಿತು.

ನಮ್ಮಪ್ಪ ತೀರಿಕೊಂಡಿದ್ದು 2007ರಲ್ಲಿ. ಮರುವರ್ಷ ಅಣ್ಣ ಫೋನ್ ಮಾಡಿದ. “ಸೋಮವಾರ ರಜ ಹಾಕಮ್ಮ, ಒಂದ್ ಸಹಿ ಬೇಕಿತ್ತು.” ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದಿನ ಹೊಂಗೆ ಮರದ ಕೆಳಗೆ ಪತ್ರ ಬರೆಯುವವರ ಮೇಜು. ಹಕ್ಕು ಬಿಡುಗಡೆ ಪತ್ರ ಮೊದಲೇ ಟೈಪಾಗಿತ್ತು. ದಿನವೂ ಜನರ ಕಾಗದಗಳನ್ನು ಅಕ್ಷರ ಬಿಡದೆ ಓದಿ, “ಇಲ್ಲಿ ತಪ್ಪಿದೆ, ಸರಿ ಮಾಡ್ಕೊಂಡು ಬನ್ನಿ” ಎಂದು ವಾಪಸು ಕಳಿಸುತ್ತಿದ್ದವಳು ನಾನು. ಆವತ್ತು ಓದಲಿಲ್ಲ. ಓದಿದರೆ ಅಣ್ಣ ಏನಂದುಕೊಳ್ಳುತ್ತಾನೋ ಎನ್ನುವ ಸಂಕೋಚ. ಅತ್ತಿಗೆ ಪಕ್ಕದಲ್ಲೇ ನಿಂತಿದ್ದರು, ಅವರ ಕೈಚೀಲದಲ್ಲಿ ಸೀರೆಯ ಪೊಟ್ಟಣ ಇಣುಕುತ್ತಿತ್ತು. ಪತ್ರ ಬರೆಯುವವರ ಬೆರಳು ಬಂತು: “ಇಲ್ಲಿ ಹಾಕಿ ಮೇಡಂ.” ಹಾಕಿದೆ. ನಾಲ್ಕು ಪುಟ, ನಾಲ್ಕು ಸಹಿ. ಮಧ್ಯಾಹ್ನ ತವರಿನಲ್ಲಿ ಒಬ್ಬಟ್ಟಿನ ಊಟ, ಸೀರೆ, ಮಡಿಲಕ್ಕಿ. ಸಂಜೆ ಬಸ್ಸಿನಲ್ಲಿ ಬರುವಾಗ ರಸ್ತೆಯ ಪಕ್ಕದ ತೋಟ ಕಂಡಿತು. ನನ್ನ ವಯಸ್ಸಿನವೇ ಇರಬಹುದಾದ ತೆಂಗಿನ ಮರಗಳು. ಅಪ್ಪ ಗುಂಡಿ ತೋಡಿಸುವಾಗ ಅವ್ವ ಅವುಗಳ ಬುಡಕ್ಕೆ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದ್ದಳಂತೆ. ಅವ್ವನ ಹೆಸರು ಪಹಣಿಯಲ್ಲಿ ಇರಲೇ ಇಲ್ಲ. ನನ್ನದು ಬರುವುದಕ್ಕೆ ಮೊದಲೇ ಹೋಯಿತು.

ಅಣ್ಣ ಕೆಟ್ಟವನಲ್ಲ. ಹಬ್ಬಕ್ಕೆ ಕರೆಯುತ್ತಾನೆ, ನನಗೆ ಜ್ವರ ಬಂದರೆ ಬಸ್ಸು ಹತ್ತಿ ಬರುತ್ತಾನೆ. ಕೆಟ್ಟವರು ಮಾಡಿದ್ದಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಒಳ್ಳೆಯವರು ಪ್ರೀತಿಯಿಂದ ಕೇಳಿದಾಗ ಮಾತು ಗಂಟಲಲ್ಲೇ ನಿಲ್ಲುತ್ತದೆ. ಪಾಲು ಕೇಳಿದರೆ ತವರು ಹೋಗುತ್ತದೆ ಎನ್ನುವುದು ನಮ್ಮ ಕಡೆಯ ಬರೆಯದ ಕಾಯ್ದೆ. ಬರೆದ ಕಾಯ್ದೆಗಿಂತ ಅದರ ಜಾರಿ ಚೆನ್ನಾಗಿದೆ. ಯೋಚಿಸಿದರೆ ಆಶ್ಚರ್ಯವಾಗುತ್ತದೆ. ಜನ್ಮವಿಡೀ ಯಾವ ಕಾಗದಕ್ಕೂ ಬೇಡವಾಗಿದ್ದ ಹೆಣ್ಣಿನ ಸಹಿ, ಬಿಟ್ಟುಕೊಡುವ ದಿನ ಮಾತ್ರ ಇಷ್ಟೊಂದು ಬೆಲೆಬಾಳುತ್ತದೆ. ಸಂಘದ ಸಾಲಕ್ಕೆ, ಜಾಮೀನಿಗೆ, ಹಕ್ಕು ಬಿಡುಗಡೆಗೆ ಅವಳ ಸಹಿ ಬೇಕೇ ಬೇಕು. ಕೊಬ್ಬರಿ ಮಾರಿದ ದುಡ್ಡಿನ ಚೀಟಿಗೆ ಬೇಡ.

ಇನ್ನು ಮನೆಯೊಳಗಿನ ಲೆಕ್ಕ. ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸು 2019ರಲ್ಲಿ ದಿನಕ್ಕೆ ಸರಾಸರಿ 299 ನಿಮಿಷ ದುಡಿಯುತ್ತಿದ್ದಳು, ಗಂಡಸು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಅದು 289 ಮತ್ತು 88. ಅಂದರೆ ಐದು ವರ್ಷದಲ್ಲಿ ಅವಳಿಗೆ ಹತ್ತು ನಿಮಿಷ ಬಿಡುವಾಯಿತು, ಅವನೂ ಹಿಂದೆ ಬೀಳದೆ ತನ್ನ ಪಾಲಿನಲ್ಲಿ ಒಂಬತ್ತು ನಿಮಿಷ ಉಳಿಸಿಕೊಂಡ. ಇಲ್ಲಿ ಇನ್ನೊಂದು ಗಮನಿಸಬೇಕು. ಇದು ಆ ದಿನ ಮನೆಗೆಲಸಕ್ಕೆ ಕೈಹಾಕಿದವರ ಸರಾಸರಿ. ಕೈಯೇ ಹಾಕದ ಗಂಡಸರು ಈ ಲೆಕ್ಕದೊಳಗೆ ಬರುವುದೇ ಇಲ್ಲ.

ನಮ್ಮ ಮನೆಯವರು ಹೈಸ್ಕೂಲು ಮೇಷ್ಟರಾಗಿದ್ದವರು. ‘ಸಹಾಯ’ ಮಾಡುವ ಗಂಡ ಎಂದು ಬೀದಿಯಲ್ಲಿ ಹೆಸರಿತ್ತು, ಮೂವತ್ತು ವರ್ಷ ಸೊಪ್ಪು ಬಿಡಿಸಿಕೊಟ್ಟಿದ್ದಾರೆ. ಮಗಳ ಬಾಣಂತನಕ್ಕೆ ನಾನು ಮೂರು ತಿಂಗಳು ಬೆಂಗಳೂರಿಗೆ ಹೋದಾಗ ಮೊದಲ ದಿನವೇ ಹನ್ನೊಂದು ಸಲ ಫೋನು. “ಸಾಸಿವೆ ಎಲ್ಲಿದೆ?” ಮದುವೆಯಾದಾಗಿನಿಂದ ಆ ಡಬ್ಬಿ ಅದೇ ಜಾಗದಲ್ಲಿದೆ. ಎರಡನೇ ವಾರ ಫೋನು ಕಡಿಮೆಯಾಯಿತು. ಮೂರು ತಿಂಗಳು ಕಳೆದು ಮನೆಗೆ ಬಂದರೆ ಫ್ರಿಜ್ಜಿನ ಮೇಲೊಂದು ಇನ್ನೂರು ಪುಟದ ನೋಟ್‌ಬುಕ್ಕು. ಮೇಷ್ಟರ ದುಂಡನೆಯ ಅಕ್ಷರ. ಹಾಲಿನವನಿಗೆ ಬಾಕಿ, ಗ್ಯಾಸ್ ಹಚ್ಚಿದ ತಾರೀಕು, ಇಡ್ಲಿಗೆ ಎಷ್ಟಕ್ಕೆ ಎಷ್ಟು, ನೀರು ಬಿಡುವ ದಿನ, ತನ್ನ ಬಿ.ಪಿ. ಮಾತ್ರೆ, ತನ್ನ ಅಕ್ಕನ ಮೊಮ್ಮಗುವಿನ ನಾಮಕರಣ. ನಾನು ಪುಟ ತಿರುವುತ್ತಿದ್ದೆ. ಅವರು ಬಾಗಿಲಲ್ಲಿ ನಿಂತು ಕೇಳಿದರು: “ಇಷ್ಟನ್ನೂ ನೀನು ತಲೇಲೇ ಇಟ್ಕೊಂಡಿದ್ಯಾ?”

ಅಂಥ ಪ್ರಶ್ನೆ ಕೇಳಿಸಿಕೊಳ್ಳುವುದಕ್ಕೆ ಅಷ್ಟು ವರ್ಷ ಬೇಕಾಯಿತು. ಸೊಪ್ಪು ಬಿಡಿಸುವುದು ಕೆಲಸ. ಇವತ್ತು ಸೊಪ್ಪು ತರಬೇಕು ಎನ್ನುವುದು ಲೆಕ್ಕ. ಸಹಾಯ ಮಾಡುವವರು ಕೆಲಸ ತೆಗೆದುಕೊಳ್ಳುತ್ತಾರೆ, ಲೆಕ್ಕ ನಮ್ಮ ತಲೆಯಲ್ಲೇ ಬಿಟ್ಟುಹೋಗುತ್ತಾರೆ. ಆ ನೋಟ್‌ಬುಕ್ಕು ಈಗಲೂ ಫ್ರಿಜ್ಜಿನ ಮೇಲಿದೆ, ಬರೆಯುವವರು ಅವರೇ. ಅವರು ಈಗ ಸಹಾಯ ಮಾಡುವುದಿಲ್ಲ, ಮನೆ ನಡೆಸುತ್ತಾರೆ.

ಸರ್ಕಾರಕ್ಕೆ ಈ ಲೆಕ್ಕ ಅರ್ಥವಾಗಿದೆಯೇ? ಅರ್ಧ ಆಗಿದೆ. 2013ರ ಆಹಾರ ಭದ್ರತಾ ಕಾಯ್ದೆ ಪಡಿತರ ಚೀಟಿಗೆ ಮನೆಯ ಹಿರಿಯ ಹೆಂಗಸೇ ಮುಖ್ಯಸ್ಥೆ ಅಂದಿತು. 2023ರ ಆಗಸ್ಟಿನಲ್ಲಿ ಶುರುವಾದ ಗೃಹಲಕ್ಷ್ಮಿಯಲ್ಲಿ ತಿಂಗಳಿಗೆ 2,000 ರೂಪಾಯಿ ‘ಕುಟುಂಬದ ಯಜಮಾನಿ’ಯ ಖಾತೆಗೆ. ಆ ಪದ ನನಗೆ ಹಣಕ್ಕಿಂತ ದೊಡ್ಡದು. ಕನ್ನಡದಲ್ಲಿ ‘ನಮ್ಮ ಯಜಮಾನರು’ ಎಂದರೆ ಗಂಡ, ಇನ್ನಾರೂ ಅಲ್ಲ. ಅರ್ಜಿ ನಮೂನೆಯೊಂದು ಬಂದು ಆ ಪದವನ್ನು ಹೆಣ್ಣಿನ ಹೆಗಲಿಗೆ ಹಾಕಿತು.

ನಮ್ಮ ಮನೆಯ ಕೆಲಸಕ್ಕೆ ಬರುವಾಕೆಗೂ ಆ ದುಡ್ಡು ಬರುತ್ತದೆ. ಒಂದು ದಿನ ಪಾತ್ರೆ ಅರ್ಧಕ್ಕೆ ಬಿಟ್ಟು, ಕೈ ಒರೆಸಿಕೊಂಡು ಬಂದು ಕೇಳಿದಳು: “ಅಕ್ಕಾ, ದುಡ್ಡು ಬಿದ್ದೈತಾ ಇಲ್ವಾ ನೋಡ್ಕೊಡ್ತೀರಾ?” ಅವಳ ಮೊಬೈಲು ತೆಗೆದು ಹುಡುಕಿದರೆ ಬ್ಯಾಂಕಿನ ಮೆಸೇಜೇ ಇಲ್ಲ. ಖಾತೆ ಇವಳದು, ಅದಕ್ಕೆ ಜೋಡಿಸಿದ ನಂಬರು ಮಗನದು. ದುಡ್ಡು ಬಂದದ್ದು ಅವಳಿಗಿಂತ ಮೊದಲು ಮಗನಿಗೆ ಗೊತ್ತಾಗುತ್ತದೆ, ಕೆಲವು ತಿಂಗಳು ಅವಳಿಗೆ ಗೊತ್ತಾಗುವುದೇ ಇಲ್ಲ. ಹೆಗಲ ಮೇಲಿಂದ ಬರುತ್ತಿದ್ದ ಬೆರಳು ಈಗ ಮೊಬೈಲಿನೊಳಗೆ ಹೊಕ್ಕಿದೆ, ಅಷ್ಟೆ. ಪಂಚಾಯ್ತಿಗಳಲ್ಲಿ ಅರ್ಧ ಸೀಟು ಹೆಂಗಸರಿಗೆ ಮೀಸಲಿಟ್ಟ ರಾಜ್ಯ ನಮ್ಮದು. ಅಧ್ಯಕ್ಷೆಯ ಪಕ್ಕದ ಕುರ್ಚಿಯಲ್ಲಿ ಗಂಡ ಕೂತು ಕಡತ ತಿರುವುವುದನ್ನು ಕಾಣದ ಊರು ಯಾವುದಿದೆ?

ಇದನ್ನೆಲ್ಲ ಹೇಳಿದರೆ ಬರುವ ಉತ್ತರ ಒಂದೇ: “ಹಿಂಗೆ ಪೈಸೆ ಪೈಸೆ ಲೆಕ್ಕ ಹಾಕ್ತಾ ಕೂತ್ರೆ ಸಂಸಾರ ಉಳಿಯಲ್ಲ, ಮನೆ ಒಡೆದೋಗುತ್ತೆ.” ಈ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಪಾಲಿನ ಕೇಸು ಹಾಕಿ, ಅಣ್ಣ ತಂಗಿ ಕೋರ್ಟಿನ ಮೆಟ್ಟಿಲಲ್ಲಿ ಮುಖ ತಿರುಗಿಸಿಕೊಂಡು ಕೂತಿದ್ದನ್ನು ಕಂಡಿದ್ದೇನೆ. ಆದರೆ ‘ಗೃಹಭಂಗ’ವನ್ನೇ ತೆಗೆದು ನೋಡಿ. ಆ ಮನೆ ಮುರಿದಿದ್ದು ನಂಜಮ್ಮ ಲೆಕ್ಕ ಬರೆದಿದ್ದಕ್ಕಲ್ಲ, ಅವಳು ಬರೆಯುತ್ತಿದ್ದಷ್ಟು ದಿನವೂ ಮನೆ ನಿಂತಿತ್ತು. ಮುರಿದಿದ್ದು, ದುಡಿಯುವ ಕೈಯಲ್ಲಿ ಅಧಿಕಾರವಿಲ್ಲದೆ ತಿನ್ನುವ ಬಾಯಲ್ಲಿ ಅಧಿಕಾರ ಇದ್ದುದಕ್ಕೆ. ಮನೆಯ ಮರ್ಯಾದೆ ಉಳಿಸಲು ಲೆಕ್ಕ ಕೇಳಬೇಡ ಎಂದು ಯಾರಿಗೆ ಹೇಳುತ್ತಿದ್ದೇವೆ? ಯಾವಾಗಲೂ ಕೊಡುವ ಕಡೆಯವರಿಗೆ. ತೆಗೆದುಕೊಳ್ಳುವ ಕಡೆಯವರು ಪತ್ರವನ್ನು ಮೊದಲೇ ಟೈಪು ಮಾಡಿಸಿಕೊಂಡೇ ಬಂದಿರುತ್ತಾರೆ.

ಆದ್ದರಿಂದ ನಾನು ಕೇಳುವುದು ದೊಡ್ಡದೇನಲ್ಲ. ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗುವ ಮೊದಲು ಅಧಿಕಾರಿ ಆ ಹೆಣ್ಣುಮಗಳೊಬ್ಬಳನ್ನೇ ಕೂರಿಸಿಕೊಂಡು, ಎಷ್ಟು ಜಮೀನು, ಈ ಹೊತ್ತಿನ ಬೆಲೆಯೆಷ್ಟು ಎಂದು ಓದಿ ಹೇಳಲಿ. ಅಣ್ಣ, ಅತ್ತಿಗೆ, ಬೆರಳು, ಎಲ್ಲ ಹೊರಗಿರಲಿ. ಯಜಮಾನಿಯ ಖಾತೆಗೆ ಯಜಮಾನಿಯ ಮೊಬೈಲ್ ನಂಬರೇ ಜೋಡಣೆಯಾಗಲಿ. ಮನೆಯ ಗಂಡುಮಕ್ಕಳು ಮುಂದಿನ ತಿಂಗಳ ದಿನಸಿ ಪಟ್ಟಿಯನ್ನು ಯಾರನ್ನೂ ಕೇಳದೆ ಬರೆಯಲಿ. ಮತ್ತೆ, ನಮ್ಮ ಮೇಷ್ಟರುಗಳು ನಂಜಮ್ಮನ ಪಾಠ ಮಾಡುವಾಗ ತ್ಯಾಗದ ಮಾತನ್ನು ಐದು ನಿಮಿಷ ಪಕ್ಕಕ್ಕಿಟ್ಟು, ರಾಮಸಂದ್ರದ ಶಾನುಭೋಗಿಕೆಯನ್ನು ನಿಜವಾಗಿ ನಡೆಸಿದ್ದು ಯಾರು ಎಂದು ಮಕ್ಕಳನ್ನು ಕೇಳಲಿ. ವಂಶಪಾರಂಪರ್ಯದ ಶಾನುಭೋಗಿಕೆಯನ್ನು 1961ರ ಕಾಯ್ದೆ ತೆಗೆದುಹಾಕಿತು. ಇವತ್ತು ಪರೀಕ್ಷೆ ಬರೆದು ಆ ಕೆಲಸಕ್ಕೆ ಬಂದ ಹೆಣ್ಣುಮಕ್ಕಳು ಸ್ಕೂಟರಿನಲ್ಲಿ ಹಳ್ಳಿ ಹಳ್ಳಿ ಸುತ್ತುತ್ತಿದ್ದಾರೆ. ಅವರ ಮೇಜಿನ ಮೇಲೆ ಅವರದೇ ಹೆಸರಿದೆ.

ಹೋದ ತಿಂಗಳು ಅಣ್ಣನ ಮಗಳು ಫೋನ್ ಮಾಡಿದ್ದಳು. ಪುಣೆಯಲ್ಲಿ ಕೆಲಸ, ಎರಡು ವರ್ಷದ ಮಗು. ಅವಳ ತಮ್ಮ ತೋಟದ ಮೇಲೆ ಸಾಲ ತೆಗೆಯಬೇಕಂತೆ, ಅದಕ್ಕೆ ಒಂದು ಸಹಿ.

“ಅತ್ತೆ, ನೀವೂ ಆವಾಗ ಹಾಕಿದ್ರಲ್ವಾ?” ಅಂದಳು.

ಹೌದು ಅಂದೆ. ಬೇರೆ ಏನನ್ನಲಿ?

“ಹಾಕ್ಲಾ?”

ಹಾಕಬೇಡ ಎನ್ನುವುದಕ್ಕೆ ನಾನು ಯಾರು? ತೋಟ ಅವಳದು, ತಮ್ಮ ಅವಳವನು. “ಹಾಕೋದು ಬಿಡೋದು ನಿನಗೆ ಬಿಟ್ಟಿದ್ದು ಕಣೇ. ಆದ್ರೆ ಮೊದ್ಲು ಪತ್ರ ತರಿಸ್ಕೊಂಡು ಓದು, ಒಂದೊಂದು ಸಾಲೂ ಓದು. ನೀನು ಏನು ಬಿಟ್ಕೊಡ್ತಿದೀಯಾ ಅಂತ ಅದ್ರಲ್ಲಿ ಇದ್ದೇ ಇರುತ್ತೆ. ಅವನು ನಿನಗೇನು ಕೊಡ್ತಾನೆ ಅನ್ನೋದನ್ನೂ ಅದ್ರಲ್ಲೇ ಬರೆಸು. ಪ್ರೀತಿ ಅಂತಾನಾ? ಸರಿ, ಪ್ರೀತೀನೂ ಬರೀಲಿ. ಎಷ್ಟು ಅಂತ ಬರೀಲಿ.”

ಅವಳು ನಕ್ಕಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪಂಗೆ ಬೇಜಾರಾಗುತ್ತೇನೋ” ಅಂದಳು.

“ಆಗುತ್ತೆ. ನಾನು ಮಾತಾಡ್ತೀನಿ ಬಿಡು” ಅಂದೆ.

ಹದಿನೇಳು ವರ್ಷ ತಡವಾಗಿ ಅಣ್ಣನ ಹತ್ತಿರ ಆಡಬೇಕಾದ ಆ ಮಾತನ್ನು ಈ ಭಾನುವಾರ ಆಡಲು ಹೊರಟಿದ್ದೇನೆ. ಬಸ್ಸಿನ ಹೊತ್ತು ನೋಟ್‌ಬುಕ್ಕಿನಲ್ಲಿದೆ. ನಮ್ಮ ಮನೆಯವರು ಬರೆದಿಟ್ಟಿದ್ದಾರೆ.